ಹಡಗಿಗೂ ಒಂದು ಕೇರಿ ಇದೆ

ಗೆಳೆಯರೇ, ಸ್ವಲ್ಪ ಉದ್ದದ ಪೋಸ್ಟ್. ಟೈಮ್ ಇದ್ದಾಗ ಓದಿ. ಕೊನೆಯಲ್ಲಿ ಒಂದು ಕೆಲಸದ ಮಾತಿದೆ, ಅದನ್ನ ಮಾತ್ರ ಬಿಡಬೇಡಿ.

ಹೋದ ವಾರ ಗೋಪಿ ಸರ್ಕಲ್ ಹತ್ರ ಟೀ ಕುಡೀತಾ ನಿಂತಿದ್ದಾಗ ಸಂಘಟನೆಯ ಹಿರಿಯರೊಬ್ಬರು ನನ್ನ ಮೊಬೈಲ್ ಇಣುಕಿ ನೋಡಿ, "ಏನಪ್ಪಾ, ಹೋರಾಟ ಬಿಟ್ಟು ಶ್ರೀಮಂತರ ಹಡಗು ನೋಡ್ತಾ ಇದ್ದೀಯ?" ಅಂದ್ರು. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದ್ರೆ ಮನೆಗೆ ಬಂದ ಮೇಲೂ ಆ ಮಾತು ಕೊರೀತಾನೇ ಇತ್ತು. ಅದಕ್ಕೇ ಬರೀತಿದ್ದೀನಿ.

ಹೌದು, ನಾನು ಹಡಗು ನೋಡ್ತೀನಿ. ನಾರ್ವೇ ದೇಶದಲ್ಲಿ ಗೈರಾಂಗರ್ ಅಂತ ಒಂದು ಹಳ್ಳಿ ಇದೆ. ಇನ್ನೂರೈವತ್ತು ಜನರ ಆಸುಪಾಸಿನ ಊರು. ಸಮುದ್ರ ಬೆಟ್ಟಗಳ ಸಂದಿಯಲ್ಲಿ ಬಹಳ ದೂರ ಒಳಗೆ ನುಗ್ಗಿ ಬಂದು ಆ ಊರಿನ ಕಾಲ ಬಳಿ ನಿಲ್ಲುತ್ತೆ. ಇಂಥ ಕಡಲ ತೋಳಿಗೆ ಅವರು ಫ್ಯೋರ್ಡ್ ಅಂತಾರೆ. ಯುನೆಸ್ಕೋ 2005ರಲ್ಲಿ ಅದನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಗೆ ಬೇಸಿಗೆಯಲ್ಲಿ ಮುನ್ನೂರು ಮೀಟರ್ ಉದ್ದದ ಪ್ರವಾಸಿ ಹಡಗುಗಳು ಬರ್ತವೆ. ಯೂಟ್ಯೂಬ್‌ನಲ್ಲಿ ಲೈವ್ ಕ್ಯಾಮೆರಾ ಇದೆ. ನಾವಿಲ್ಲಿ ರಾತ್ರಿ ಊಟ ಮುಗಿಸಿ ಒಂಬತ್ತು ಗಂಟೆಗೆ ಕೂತ್ರೆ ಅಲ್ಲಿ ಸಂಜೆ ಐದೂವರೆ, ಬಿಸಿಲು ಇನ್ನೂ ಹಾಗೇ ಇರುತ್ತೆ. ಹಡಗು ಹೊರಡೋ ಹೊತ್ತು. ಒಂದು ಬೀದಿಗೆ ಬೀದಿಯೇ ಎದ್ದು ನಿಧಾನಕ್ಕೆ ತಿರುಗಿದ ಹಾಗೆ ಕಾಣುತ್ತೆ. ಎಂಟನೇ ಕ್ಲಾಸಿನ ನನ್ನ ಮಗಳು ಪಕ್ಕದಲ್ಲಿ ಕೂತು, ಬಂಡೆ ಮೇಲಿಂದ ಏಳು ಸೀಳಾಗಿ ಬೀಳೋ ಅಲ್ಲಿನ 'ಸೆವೆನ್ ಸಿಸ್ಟರ್ಸ್' ಜಲಪಾತದ ಫೋಟೋ ಹುಡುಕಿ, "ಅಪ್ಪಾ, ಇವರದ್ದು ಏಳು, ನಮ್ಮ ಜೋಗದ್ದು ನಾಲ್ಕು. ಆದ್ರೂ ನಮ್ದೇ ಚೆನ್ನಾಗಿದೆ" ಅಂತಾಳೆ.

ಇಡೀ ದಿನ ಆಫೀಸಲ್ಲಿ ಲೆಡ್ಜರ್, ಇನ್‌ವರ್ಡ್, ಔಟ್‌ವರ್ಡ್ ಅಂತ ಕಣ್ಣು ಕೆಡಿಸಿಕೊಳ್ಳೋ ಕ್ಲರ್ಕ್ ನಾನು. ಅರ್ಧ ಗಂಟೆ ನೀರು, ಬೆಟ್ಟ, ಹಡಗು ನೋಡಿದ್ರೆ ಯಾವ ಸಿದ್ಧಾಂತ ಕೆಡುತ್ತೆ?

ನಮ್ಮಪ್ಪ ಜೋಗ ನೋಡಿದ್ದು ಒಂದೇ ಸಲ. ಅದೂ ಲಾರಿಗೆ ಲೋಡ್ ತುಂಬೋ ಕೂಲಿಗೆ ಆ ಕಡೆ ಹೋದಾಗ. ಹತ್ತು ನಿಮಿಷ ನಿಂತು ನೋಡಿದ್ದಕ್ಕೆ ಮೇಸ್ತ್ರಿ ಬೈದನಂತೆ. ಸಾಯೋವರೆಗೂ ಅಪ್ಪ ಆ ಹತ್ತು ನಿಮಿಷದ ಕತೆ ಹೇಳ್ತಿದ್ದ, ಮೇಸ್ತ್ರಿ ಬೈದದ್ದನ್ನೂ ಸೇರಿಸಿ. ಕೆರೆ, ಬಾವಿ, ದೇವಸ್ಥಾನ ಮಾತ್ರ ನಮಗೆ ಮುಚ್ಚಿರಲಿಲ್ಲ. ಸುಮ್ಮನೆ ನಿಂತು ಚೆಂದ ನೋಡೋ ಬಿಡುವು ಕೂಡ ನಮಗಿರಲಿಲ್ಲ. ಹಾಗಾಗಿ ಚೆಂದ ನೋಡೋದು ಶ್ರೀಮಂತರ ಕೆಲಸ ಅಂತ ನಮ್ಮವರೇ ಹೇಳಿದ್ರೆ ನಾನು ಒಪ್ಪಲ್ಲ.

ಆದ್ರೆ ನಾನು ಹಡಗು ನೋಡೋಕೆ ಇನ್ನೊಂದು ಕಾರಣ ಇದೆ. ನಮ್ಮ ಅಕ್ಕನ ಮಗ ಅಂಥದೇ ಒಂದು ಹಡಗಿನ ಲಾಂಡ್ರಿಯಲ್ಲಿ ಕೆಲಸ ಮಾಡ್ತಾನೆ.

ಅಕ್ಕನ ಮನೆ ಭದ್ರಾವತಿ. ಊರಿನ ಸ್ಥಿತಿ ನಿಮಗೆ ಹೇಳಬೇಕಾಗಿಲ್ಲ. 1923ರಲ್ಲಿ ಕಬ್ಬಿಣ ತೆಗೆಯೋಕೆ ಶುರು ಮಾಡಿದ ಊರು. ಕಾಗದದ ಕಾರ್ಖಾನೆ ನಿಂತು ವರ್ಷಗಳಾದವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚೋ ತೀರ್ಮಾನ ಹೊರಬಿದ್ದು, ಗುತ್ತಿಗೆ ಕಾರ್ಮಿಕರು ಧರಣಿ ಕೂತದ್ದು ನಮಗೆಲ್ಲ ಗೊತ್ತು. ಅಂಥ ಊರಲ್ಲಿ ಇಪ್ಪತ್ಮೂರು ವರ್ಷದ ಹುಡುಗ ಏನು ಮಾಡಬೇಕು? ಮಂಗಳೂರಿನ ಹೋಟೆಲೊಂದರ ಲಾಂಡ್ರಿಯಲ್ಲಿ ಎರಡು ವರ್ಷ ದುಡಿದ. ಅಲ್ಲಿಂದ ಹಡಗು. ಹಡಗಿನ ಹೆಸರು, ಕಂಪನಿ ಹೆಸರು ಬರೆಯಲ್ಲ. ಅವನ ಕೆಲಸ ಉಳೀಬೇಕು.

ಈ ಬೇಸಿಗೆಯಲ್ಲಿ ಒಂದು ದಿನ ಅವನ ಹಡಗೇ ಆ ಕ್ಯಾಮೆರಾದಲ್ಲಿ ಬಂತು. ನಾನು ಅಕ್ಕನ ಮನೆಯಲ್ಲೇ ಇದ್ದೆ. ಅಕ್ಕ, ಭಾವ, ಪಕ್ಕದ ಮನೆಯವರು, ಎಲ್ಲರೂ ಒಂದೇ ಮೊಬೈಲ್ ಸುತ್ತ. ಅಕ್ಕ ಕಿಟಕಿ ಎಣಿಸ್ತಾ, "ಇದ್ರಲ್ಲಿ ಅವನ ರೂಮ್ ಯಾವ್ದೋ?" ಅಂತ ಕೇಳಿದಳು. ನನಗೆ ಗೊತ್ತಿತ್ತು. ಹೇಳೋಕೆ ಬಾಯಿ ಬರಲಿಲ್ಲ. ಅವನಿರೋ ಕಡೆ ಕಿಟಕಿ ಇಲ್ಲ. ನೀರಿನ ಮಟ್ಟಕ್ಕಿಂತ ಕೆಳಗೆ, ಒಂದರ ಮೇಲೊಂದು ಎರಡು ಮಂಚ ಇರೋ ಗೂಡು. ರಾತ್ರಿ ಅವನ ಮೆಸೇಜ್ ಬಂತು: "ಮಾವ, ನೀವು ನೋಡಿದ್ರಾ? ಹೆಂಗಿತ್ತು? ನಂಗೆ ಶಿಫ್ಟ್ ಇತ್ತು, ನೋಡಕ್ಕಾಗ್ಲಿಲ್ಲ."

ಭದ್ರಾವತಿಯಲ್ಲಿ ಕೂತ ನಾವು ಆ ಬೆಟ್ಟ, ಆ ನೀರು ನೋಡಿದ್ವಿ. ಅದರ ಮೇಲೇ ತೇಲ್ತಾ ಇದ್ದ ಹುಡುಗ ನೋಡಲಿಲ್ಲ.

ಅವತ್ತಿಂದ ನಾನು ಹಡಗು ನೋಡೋ ರೀತಿ ಬದಲಾಯ್ತು. ನಮ್ಮ ಹಳ್ಳಿಗಳಲ್ಲಿ ಊರು ಬೇರೆ, ಕೇರಿ ಬೇರೆ. ಹಡಗಲ್ಲೂ ಹಾಗೇ. ಬೆಳಕು, ಗಾಳಿ, ಬಾಲ್ಕನಿ ಇರೋ ಮೇಲಂತಸ್ತುಗಳು ಊರು. ಅಡುಗೆಮನೆ, ಲಾಂಡ್ರಿ, ಕಸದ ಕೋಣೆ, ಎಂಜಿನ್, ಕೆಲಸಗಾರರ ಗೂಡುಗಳು ಇರೋ ಕೆಳಭಾಗ ಕೇರಿ. ಊರಿನ ಮೆಟ್ಟಿಲು ಬೇರೆ, ಕೇರಿಯ ಮೆಟ್ಟಿಲು ಬೇರೆ. ಕೆಳಗಿನವರು ಕೆಲಸಕ್ಕೆ ಮೇಲೆ ಹೋಗಬಹುದು, ಕೆಲಸ ಮುಗಿದ ಮೇಲೆ ಅಲ್ಲಿ ನಿಲ್ಲೋ ಹಾಗಿಲ್ಲ. ದೊಡ್ಡ ಹಡಗಲ್ಲಿ ಪ್ರಯಾಣಿಕರು ಮೂರ್ನಾಲ್ಕು ಸಾವಿರ, ದುಡಿಯೋರು ಸಾವಿರಕ್ಕೂ ಮೇಲೆ. ಆ ಸಾವಿರ ಜನರಲ್ಲಿ ಬಹುಪಾಲು ಫಿಲಿಪೈನ್ಸ್, ಇಂಡೋನೇಷ್ಯಾ, ಭಾರತದಂಥ ದೇಶಗಳವರು.

ಹಡಗಿನ ಹಿಂಭಾಗದಲ್ಲಿ ಹಾರೋ ಬಾವುಟ ಗಮನಿಸಿ. ಮಾಲೀಕರು ಅಮೆರಿಕದವರೋ ಯುರೋಪಿನವರೋ ಇರ್ತಾರೆ, ಬಾವುಟ ಮಾತ್ರ ಬಹಾಮಾಸ್, ಪನಾಮಾ, ಮಾಲ್ಟಾದ್ದು. ತೆರಿಗೆ ಕಮ್ಮಿ, ಕಾರ್ಮಿಕ ಕಾನೂನು ಸಡಿಲ ಇರೋ ಕಡೆ ನೋಂದಣಿ. ನಾವಿಕರಿಗೆ ಅಂತ 2006ರ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ, 2013ರಿಂದ ಜಾರಿಯಲ್ಲಿದೆ, ಭಾರತ 2015ರಲ್ಲಿ ಒಪ್ಪಿಕೊಂಡಿದೆ. ಒಳ್ಳೆಯದೇ. ಆದ್ರೆ ಅದು ಕೊಡೋ ಕನಿಷ್ಠ ವಿಶ್ರಾಂತಿ ವಾರಕ್ಕೆ 77 ಗಂಟೆ. ವಾರಕ್ಕಿರೋದು 168 ಗಂಟೆ. ಕಳೆದು ನೋಡಿ, 91 ಗಂಟೆ ದುಡಿಸೋಕೆ ದಾರಿ ಬಿಟ್ಟಿದ್ದಾರೆ. ನಮ್ಮ ದೇಶದ ಕಾರ್ಖಾನೆಗಳಿಗೆ ವಾರಕ್ಕೆ 48 ಗಂಟೆ ಅಂತ 1946ರಲ್ಲೇ ಕಾನೂನಾಯ್ತು, ಅದರ ಹಿಂದೆ ಕಾರ್ಮಿಕ ಖಾತೆ ನೋಡ್ತಿದ್ದ ಬಾಬಾಸಾಹೇಬರ ದುಡಿಮೆ ಇತ್ತು. ನಮ್ಮ ಹುಡುಗ ತಿಂಗಳುಗಟ್ಟಲೆ ವಾರದ ರಜೆ ಇಲ್ಲದೆ ದುಡೀತಾನೆ. ರಜೆ ಅಂದ್ರೆ ಕಾಂಟ್ರ್ಯಾಕ್ಟ್ ಮುಗಿದು ಮನೆಗೆ ಬಂದಾಗ, ಆಗ ಸಂಬಳ ಇಲ್ಲ.

2020ರ ಫೆಬ್ರವರಿ ನೆನಪಿದೆಯಾ? ಜಪಾನಿನ ಯೊಕೊಹಾಮಾದಲ್ಲಿ 'ಡೈಮಂಡ್ ಪ್ರಿನ್ಸೆಸ್' ಹಡಗನ್ನ ಕೊರೋನಾ ಅಂತ ತಡೆದು ನಿಲ್ಲಿಸಿದ್ರು. ಪ್ರಯಾಣಿಕರು ರೂಮಿನಿಂದ ಹೊರಗೆ ಬರಬಾರದು ಅಂದ್ರು. ಆದ್ರೆ ಅವರ ಬಾಗಿಲಿಗೆ ಊಟ ತಲುಪಿಸಬೇಕಲ್ಲ? ಅದಕ್ಕೆ ಕೆಲಸಗಾರರು ಓಡಾಡ್ತಾನೇ ಇದ್ರು. ಆ ಹಡಗಲ್ಲಿ 138 ಭಾರತೀಯರಿದ್ರು. ಅದರಲ್ಲಿ ಪ್ರಯಾಣಿಕರು 6, ಕೆಲಸಗಾರರು 132. ಹಡಗಿನ ಲೋಕದಲ್ಲಿ ನಮ್ಮ ದೇಶದ ಜಾಗ ಎಲ್ಲಿ ಅನ್ನೋಕೆ ಇದಕ್ಕಿಂತ ಬೇರೆ ಲೆಕ್ಕ ಬೇಕಾ?

ಇಷ್ಟೆಲ್ಲ ಹೇಳಿದ ಮೇಲೂ, ಒಂದು ವಿಷಯದಲ್ಲಿ ಆ ಹಡಗಿನಿಂದ ನಾವು ಪಾಠ ಕಲೀಬೇಕು. ಇದನ್ನ ಗಮನ ಇಟ್ಟು ಓದಿ.

ಐದು ಸಾವಿರ ಜನ ದಿನಾ ಬಳಸೋ ಶೌಚಾಲಯಗಳು ಆ ಹಡಗಲ್ಲಿವೆ. ನಾನು ಅಕ್ಕನ ಮಗನ ಹತ್ರ ಮೊದಲು ಕೇಳಿದ ಪ್ರಶ್ನೆಯೇ ಅದು: "ಅದನ್ನ ಯಾರು ಎತ್ತುತಾರೆ?" ಅವನು ನಕ್ಕ. "ಯಾರೂ ಎತ್ತಲ್ಲ ಮಾವ. ಗಾಳಿ ಎಳ್ಕೊಂಡು ಹೋಗುತ್ತೆ." ನಿರ್ವಾತದ ಪೈಪು, ಟ್ಯಾಂಕು, ಶುದ್ಧೀಕರಿಸೋ ಯಂತ್ರ. ಪೈಪ್ ಕಟ್ಟಿಕೊಂಡ್ರೆ ಬರೋನು ಪ್ಲಂಬರ್. ಅವನಿಗೆ ಯೂನಿಫಾರ್ಮ್ ಇದೆ, ಸಂಬಳ ಇದೆ, ಊಟದ ಮೇಜಿನಲ್ಲಿ ಎಲ್ಲರ ಜೊತೆ ಜಾಗ ಇದೆ. ಟ್ಯಾಂಕಿನ ಒಳಗೆ ಮನುಷ್ಯ ಇಳಿಯಲೇಬೇಕಾದ ಸಂದರ್ಭ ಬಂದ್ರೆ ಮೊದಲು ಒಳಗಿನ ಗಾಳಿ ಪರೀಕ್ಷೆ ಮಾಡಬೇಕು, ಅಧಿಕಾರಿ ಲಿಖಿತ ಅನುಮತಿ ಕೊಡಬೇಕು, ಬಾಯಿ ಹತ್ರ ಒಬ್ಬ ಕಾವಲು ನಿಲ್ಲಬೇಕು, ರಕ್ಷಣೆಯ ಸಾಮಾನು ಪಕ್ಕದಲ್ಲಿರಬೇಕು. ಇದು ಸಮುದ್ರದ ಮಧ್ಯದ ನಿಯಮ.

ನೆಲದ ಮೇಲಿನ ನಿಯಮ ಏನು? ನಮ್ಮಲ್ಲಿ 2013ರ ಕಾನೂನು ಮಲ ಹೊರೋ ಪದ್ಧತಿಯನ್ನ ನಿಷೇಧಿಸಿದೆ. ಸುಪ್ರೀಂ ಕೋರ್ಟ್ 2014ರಲ್ಲಿ, ಚರಂಡಿ ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂದಿತು. 2023ರ ಅಕ್ಟೋಬರ್‌ನಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂದದ್ದು ಯಾಕೆ? ಸಾವು ನಿಂತಿಲ್ಲ, ಅದಕ್ಕೆ. ಯುಜಿಡಿ ಮ್ಯಾನ್‌ಹೋಲ್‌ಗೆ, ಮನೆಯ ಪಿಟ್‌ಗೆ ಇಳಿಸೋಕೆ ಇವತ್ತಿಗೂ ಒಂದು ನಿರ್ದಿಷ್ಟ ಕೇರಿಗೇ ಫೋನ್ ಹೋಗುತ್ತೆ. ಯಂತ್ರ ಇಲ್ಲ ಅಂತಲ್ಲ. ಯಂತ್ರಕ್ಕಿಂತ ನಮ್ಮ ಹುಡುಗ ಅಗ್ಗ ಅಂತ.

ಇನ್ಮೇಲೆ ಯಾರಾದ್ರೂ "ಇದು ಪ್ರಾಯೋಗಿಕ ಅಲ್ಲ" ಅಂದ್ರೆ ಹಡಗು ತೋರಿಸಿ. ದಡ ಕಾಣದ ಕಡೆ, ಅಲೆಯ ಮೇಲೆ ಅಲ್ಲಾಡೋ ಕಬ್ಬಿಣದ ಊರೊಂದು ಜಾತಿಯ ಸಹಾಯ ಇಲ್ಲದೆ ತನ್ನ ಹೊಲಸು ತಾನು ನಿಭಾಯಿಸುತ್ತೆ ಅಂದ್ರೆ, ತುಂಗೆಯ ದಡದಲ್ಲಿ ಗಟ್ಟಿ ನೆಲದ ಮೇಲಿರೋ ಊರಿಗೆ ಯಾಕೆ ಆಗಲ್ಲ?

ಅದೇ ಹಡಗು ಮುದಿಯಾದಾಗ ಎಲ್ಲಿಗೆ ಬರುತ್ತೆ ಗೊತ್ತಾ? ನಮ್ಮ ದೇಶಕ್ಕೆ. ಗುಜರಾತಿನ ಭಾವನಗರ ಜಿಲ್ಲೆಯ ಅಲಂಗ್ ದಡಕ್ಕೆ. 'ನಾರ್ವೇ' ಅನ್ನೋ ಹೆಸರಿನದ್ದೇ ಒಂದು ಹಡಗಿತ್ತು. 1962ರಲ್ಲಿ 'ಫ್ರಾನ್ಸ್' ಅನ್ನೋ ಹೆಸರಲ್ಲಿ ಓಡಾಟ ಶುರು ಮಾಡಿ, ಆಮೇಲೆ ಕೈ ಬದಲಾಗಿ 'ನಾರ್ವೇ' ಆಯ್ತು. ಒಂದು ಕಾಲಕ್ಕೆ ಜಗತ್ತಿನ ಅತಿ ಉದ್ದದ ಪ್ರಯಾಣಿಕರ ಹಡಗು. 2003ರ ಮೇ ತಿಂಗಳಲ್ಲಿ ಮಯಾಮಿ ಬಂದರಿನಲ್ಲಿ ಅದರ ಬಾಯ್ಲರ್ ಸಿಡಿದು ಎಂಟು ಜನ ಸತ್ತರು. ಎಂಟೂ ಜನ ಕೆಲಸಗಾರರು. 2006ರಲ್ಲಿ ಅದೇ ಹಡಗು 'ಬ್ಲೂ ಲೇಡಿ' ಅನ್ನೋ ಹೆಸರು ಹೊತ್ತು ಅಲಂಗ್‌ಗೆ ಬಂತು. ಒಳಗೆ ಕಲ್ನಾರು ತುಂಬಿದೆ, ಕಾರ್ಮಿಕರ ಶ್ವಾಸಕೋಶಕ್ಕೆ ಅಪಾಯ ಅಂತ ಕೇಸ್ ನಡೀತು. 2007ರಲ್ಲಿ ಕೋರ್ಟ್ ಒಡೆಯೋಕೆ ಅನುಮತಿ ಕೊಡ್ತು. ಒಡೆದದ್ದು ಉತ್ತರಪ್ರದೇಶ, ಬಿಹಾರ, ಒಡಿಶಾಗಳಿಂದ ಗುಳೆ ಬಂದಂಥ ಕೈಗಳು. ಹಾಗೆ ಕತ್ತರಿಸಿದ ಉಕ್ಕು ರೋಲಿಂಗ್ ಮಿಲ್‌ಗೆ ಹೋಗಿ ಮನೆ ಕಟ್ಟೋ ಕಂಬಿ ಆಗುತ್ತೆ. ಉಕ್ಕಿನ ಊರಿನವರು ನಾವು, ಒಂದು ಕಂಬಿಯ ಹಿಂದೆ ಎಷ್ಟು ಜನರ ಬೆವರಿರುತ್ತೆ ಅಂತ ನಮಗೆ ಬೇರೆಯವರು ಹೇಳಬೇಕಾಗಿಲ್ಲ.

ಈಗ ಜಾತಿಯ ವಿಷಯ. ಹಡಗಲ್ಲಿ ಜಾತಿ ಇದೆಯಾ ಅಂತ ತುಂಬಾ ಜನ ಕೇಳ್ತಾರೆ. ಅಕ್ಕನ ಮಗ ಹೇಳೋ ಪ್ರಕಾರ, ಹಡಗಿಗೆ ಜಾತಿ ಇಲ್ಲ, ಭಾರತೀಯರು ಹತ್ತಿದ ಮೇಲೆ ಬರುತ್ತೆ. ಕೆಲಸಕ್ಕೆ ಸೇರಿದ ಮೂರನೇ ದಿನ ಬೇರೆ ರಾಜ್ಯದ ಸೀನಿಯರ್ ಒಬ್ಬ ಕೇಳಿದನಂತೆ, "ಪೂರ್ತಿ ಹೆಸರೇನು? ಊರಲ್ಲಿ ನಿಮ್ಮಪ್ಪ ಏನು ಮಾಡ್ತಾರೆ? ನೀವು ಯಾವ ಪೈಕಿ?" ಇವನು ಹೇಳಿದ. ಆಮೇಲೆ ಆ ಮನುಷ್ಯ ಇವನ ಮೇಜಿಗೆ ಊಟಕ್ಕೆ ಬರಲಿಲ್ಲ. ಇವನ ರೂಮಿನಲ್ಲಿರೋ ಫಿಲಿಪೈನ್ಸ್ ಹುಡುಗನಿಗೆ ಅದು ಅರ್ಥವೇ ಆಗಲಿಲ್ಲ. ಅರ್ಧ ಗಂಟೆ ವಿವರಿಸಿದ ಮೇಲೆ ಆ ಹುಡುಗ ಕೇಳಿದ್ದು ಒಂದೇ: "ಅದನ್ನ ಬಿಟ್ಟು ಬಿಡೋಕೆ ಯಾವ ಆಫೀಸಿಗೆ ಅರ್ಜಿ ಹಾಕಬೇಕು?"

ಬೌಧಾಯನ ಧರ್ಮಸೂತ್ರ ಸಮುದ್ರ ಪ್ರಯಾಣವನ್ನ ಜಾತಿ ಕೆಡಿಸೋ ಪಾಪಗಳ ಪಟ್ಟಿಯಲ್ಲಿಟ್ಟಿದೆ. ಕಡಲು ದಾಟಿದ್ರೆ ಜಾತಿ ಹೋಗುತ್ತೆ ಅನ್ನೋದು ಅವರಿಗೆ ಭಯ. ನಮಗೆ ಅದು ಬಿಡುಗಡೆ. 1913ರಲ್ಲಿ ಬಾಬಾಸಾಹೇಬರು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಹಡಗು ಹತ್ತಿ ನ್ಯೂಯಾರ್ಕ್‌ಗೆ ಹೋದ್ರು. ಹೊರದೇಶದ ಆ ವರ್ಷಗಳು ತಾನು ಅಸ್ಪೃಶ್ಯ ಅನ್ನೋ ಭಾವನೆಯನ್ನೇ ಮನಸ್ಸಿನಿಂದ ಅಳಿಸಿ ಹಾಕಿದ್ದವು ಅಂತ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಬರೆದಿದ್ದಾರೆ. 1917ರಲ್ಲಿ ವಾಪಸ್ ಬರುವಾಗ, ಬೇರೆ ಹಡಗಿನಲ್ಲಿ ಬರ್ತಿದ್ದ ಅವರ ಪುಸ್ತಕಗಳು ಯುದ್ಧದಲ್ಲಿ ಮುಳುಗಿ ಹೋದವು. ಬರೋಡಾದಲ್ಲಿ ಇಳಿದಾಗ ಉಳಿಯೋಕೆ ಒಂದು ಮನೆ ಸಿಗಲಿಲ್ಲ. ಕಡಲು ಅಳಿಸಿದ್ದನ್ನ ನೆಲ ಮತ್ತೆ ಬರೆದಿತ್ತು. ನಮ್ಮ ಹುಡುಗನ ವಿಷಯದಲ್ಲಿ ನೆಲ ಹಡಗನ್ನೂ ಹತ್ತಿ ಕೂತಿದೆ.

ನಾನು ಪ್ರವಾಸಿ ಹಡಗನ್ನ ಕಣ್ಣಾರೆ ನೋಡಿದ್ದು ಒಂದೇ ಸಲ, ಪಣಂಬೂರು ಬೀಚಿನಿಂದ. ನವಮಂಗಳೂರು ಬಂದರಿಗೆ ಮಳೆಗಾಲ ಕಳೆದ ಮೇಲೆ ಇಂಥ ಹಡಗುಗಳು ಬರ್ತವೆ. ದೂರದಲ್ಲಿ ಕಲ್ಲಿನ ಒಡ್ಡಿನ ಆಚೆ ಬೆಳ್ಳಗೆ ನಿಂತಿತ್ತು. ಇಳಿದವರಿಗೆ ಯಕ್ಷಗಾನ ವೇಷದವರ ಸ್ವಾಗತ, ಆಮೇಲೆ ಬಸ್ಸಿನಲ್ಲಿ ಕದ್ರಿ, ಕುದ್ರೋಳಿ, ಮೂಡುಬಿದಿರೆ, ಸಂಜೆ ವಾಪಸ್. ಕುದ್ರೋಳಿ ದೇವಸ್ಥಾನ ಬೇರೆ ದೇವಸ್ಥಾನಗಳ ಒಳಗೆ ಬಿಡದಿದ್ದ ಬಿಲ್ಲವರಿಗಾಗಿ ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ್ದು. ಆ ಬಸ್ಸಿನಲ್ಲಿ ಬಂದವರಿಗೆ ಗೋಪುರದ ಬಣ್ಣದ ಜೊತೆ ಈ ಕತೆಯೂ ಸಿಗಬೇಕು. ಕತೆ ಹೇಳೋ ಗೈಡ್ ಕೆಲಸ ನಮ್ಮ ಮಕ್ಕಳಿಗೂ ಸಿಗಬೇಕು.

ಹಡಗು ಬರೋ ಊರುಗಳು ಸುಮ್ಮನೆ ಕೂತಿಲ್ಲ. ಅಲಾಸ್ಕಾದ ಜೂನೋ ನಗರ ದಿನಕ್ಕೆ 16,000 ಪ್ರಯಾಣಿಕರು, ಶನಿವಾರ 12,000, ಇದಕ್ಕಿಂತ ಹೆಚ್ಚು ಬೇಡ ಅಂತ 2026ರಿಂದ ಹಡಗು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಿದೆ. ನಾರ್ವೇ ಸಂಸತ್ತು 2018ರಲ್ಲೇ, ವಿಶ್ವ ಪರಂಪರೆಯ ಫ್ಯೋರ್ಡ್‌ಗಳಿಗೆ ಹೊಗೆ ಉಗುಳದ ಹಡಗು ಮಾತ್ರ ಬರಬೇಕು ಅಂದಿತು. 2026ರಿಂದ ಸಣ್ಣ ಹಡಗುಗಳಿಗೆ ನಿಯಮ, ದೊಡ್ಡ ಹಡಗುಗಳಿಗೆ 2032ರವರೆಗೆ ರಿಯಾಯಿತಿ. ದೊಡ್ಡವರಿಗೆ ರಿಯಾಯಿತಿ ಅಲ್ಲೂ ಇದೆ ನೋಡಿ!

ನನಗೆ ಎಲ್ಲಕ್ಕಿಂತ ಇಷ್ಟ ಆದದ್ದು ಅಲಾಸ್ಕಾದ ಹೂನಾ ಅನ್ನೋ ಊರು. ಟ್ಲಿಂಗಿಟ್ ಅನ್ನೋ ಮೂಲನಿವಾಸಿಗಳದ್ದು. ಅವರ ಹಳೆಯ ನೆಲವಾದ ಗ್ಲೇಸಿಯರ್ ಬೇ ಕೊಲ್ಲಿಯನ್ನ 1925ರಲ್ಲಿ ಸರ್ಕಾರ ಸಂರಕ್ಷಿತ ಪ್ರದೇಶ ಮಾಡಿದ ಮೇಲೆ ಬೇಟೆಗೆ, ಮೀನಿಗೆ ಕಟ್ಟುಪಾಡು ಬಂತು. ಅದೇ ಜನರ ಕಾರ್ಪೊರೇಷನ್ ಊರ ಹತ್ತಿರದ ಹಳೇ ಮೀನಿನ ಕಾರ್ಖಾನೆಯನ್ನ ರಿಪೇರಿ ಮಾಡಿ ಹಡಗುಕಟ್ಟೆ ಮಾಡಿತು. 2004ರಿಂದ ಅಲ್ಲಿಗೆ ಹಡಗು ಬರ್ತಿವೆ. ಸಾವಿರ ಜನ ಇಲ್ಲದ ಊರಿಗೆ ಸಾವಿರಾರು ಪ್ರವಾಸಿಗರು ಇಳಿಯೋದ್ರಿಂದ ತೊಂದರೆ ಇಲ್ಲ ಅಂತಲ್ಲ. ಆದ್ರೆ ಅವರು ಬರೀ ಪಾತ್ರೆ ತೊಳೆಯೋಕೆ, ಕುಣಿಯೋಕೆ ನಿಂತಿಲ್ಲ. ಕಟ್ಟೆಯ ಮಾಲೀಕರಾಗಿದ್ದಾರೆ.

ನಮ್ಮ ಜಿಲ್ಲೆಗೆ ಬನ್ನಿ. 1964ರ ಲಿಂಗನಮಕ್ಕಿ ಅಣೆಕಟ್ಟು ರಾಜ್ಯಕ್ಕೆ ಬೆಳಕು ಕೊಡ್ತು. ಮುಳುಗಿದವರ ಹಕ್ಕುಪತ್ರದ ಜಗಳ ಇವತ್ತಿಗೂ ಮುಗಿದಿಲ್ಲ. ಅದೇ ಹಿನ್ನೀರಿನ ಮೇಲೆ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆ ಆಯ್ತು. ಒಳ್ಳೇದಾಯ್ತು, ಲಾಂಚ್ ಕಾಯೋ ಕಷ್ಟ ತಪ್ಪಿತು. ಇನ್ನು ರೆಸಾರ್ಟ್, ಬೋಟಿಂಗ್ ಅಂತ ದುಡ್ಡಿನವರು ಬರ್ತಾರೆ. ನನ್ನ ಪ್ರಶ್ನೆ ಇಷ್ಟೇ: ಭೂಮಿ ಕಳಕೊಂಡವರು ಆ ಬೋಟಿನ ಟಿಕೆಟ್ ಕೌಂಟರಿನ ಯಾವ ಕಡೆ ಇರ್ತಾರೆ?

ಈಗ ಕೆಲಸದ ಮಾತು.

ಅಕ್ಕನ ಮಗ ಈ ಕೆಲಸಕ್ಕೆ ಸೇರೋ ಮೊದಲು ಒಬ್ಬ ಏಜೆಂಟ್‌ಗೆ ಎಂಬತ್ತು ಸಾವಿರ ಕೊಟ್ಟು ಮೋಸ ಹೋಗಿದ್ದ. ಅಕ್ಕ ಸಂಘದಲ್ಲಿ ಸಾಲ ತೆಗೆದಿದ್ದಳು, ಓಲೆ ಅಡ ಇಟ್ಟಿದ್ದಳು. ಆ ಫೋನ್ ನಂಬರ್ ಆಮೇಲೆ ಹತ್ತಲೇ ಇಲ್ಲ. ನಾನು ಬಿಎ ಓದಿದವನು, ಮನೆಯಲ್ಲೇ ಇದ್ದೆ, ನನಗೂ ನಿಯಮ ಗೊತ್ತಿರಲಿಲ್ಲ. ಆ ನಾಚಿಕೆ ನನಗೆ ಇವತ್ತೂ ಇದೆ. ನಿಮಗೆ ಆಗಬಾರದು, ಅದಕ್ಕೆ ಹೇಳ್ತೀನಿ.

ಒಂದು, ಹಡಗಿನ ಕೆಲಸಕ್ಕೆ ಕಳಿಸೋ ಏಜೆನ್ಸಿಗೆ ಡಿಜಿ ಶಿಪ್ಪಿಂಗ್‌ನ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರಬೇಕು. ಆ ನಂಬರನ್ನ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲೇ ನೋಡಿ ಖಚಿತ ಮಾಡಿಕೊಳ್ಳಿ, ಅವರು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ ನಂಬಬೇಡಿ. ಎರಡು, ಕೆಲಸ ಕೊಡಿಸೋಕೆ ಅಂತ ದುಡ್ಡು ಕೇಳೋ ಹಾಗೇ ಇಲ್ಲ. ಪಾಸ್‌ಪೋರ್ಟ್, ನಾವಿಕರ ಪುಸ್ತಕ ಅಂದ್ರೆ ಸಿಡಿಸಿ, ವೈದ್ಯಕೀಯ ಸರ್ಟಿಫಿಕೇಟ್, ಇವುಗಳ ಖರ್ಚು ಮಾತ್ರ ನಮ್ಮದು. ವೀಸಾ ಖರ್ಚು ಕಂಪನಿಯದ್ದು. ಮೂರು, ಸುರಕ್ಷತಾ ತರಬೇತಿಯನ್ನ ಡಿಜಿ ಶಿಪ್ಪಿಂಗ್ ಮಾನ್ಯತೆ ಇರೋ ಸಂಸ್ಥೆಯಲ್ಲೇ ಮಾಡಿ. ನಾಲ್ಕು, ಕಾಂಟ್ರ್ಯಾಕ್ಟ್ ಓದದೆ ಸಹಿ ಬೇಡ. ಎಷ್ಟು ತಿಂಗಳು, ಎಷ್ಟು ಗಂಟೆ, ಓವರ್‌ಟೈಮ್ ಹೇಗೆ, ವಾಪಸ್ ಟಿಕೆಟ್ ಯಾರದ್ದು, ಇಷ್ಟನ್ನ ನೋಡಿ, ಒಂದು ಕಾಪಿ ಮನೆಯಲ್ಲಿ ಬಿಟ್ಟು ಹೋಗಿ.

ಸಂಘಟನೆಯ ಗೆಳೆಯರಿಗೆ ನನ್ನ ವಿನಂತಿ. ಪ್ರೊ. ಬಿ. ಕೃಷ್ಣಪ್ಪನವರು ಪಾಠ ಮಾಡಿದ, ದಲಿತ ಸಂಘರ್ಷ ಸಮಿತಿ ಹುಟ್ಟಿದ ಊರು ಭದ್ರಾವತಿ. ಭೂಮಿಗಾಗಿ ಹೋರಾಡಿದ ಪರಂಪರೆ ನಮ್ಮದು. ಈಗ ನಮ್ಮ ಹುಡುಗರು ನೀರಿನ ಮೇಲೂ ಕೂಲಿಗೆ ಹೋಗ್ತಿದ್ದಾರೆ. ಅವರಿಗೆ ನಮ್ಮಲ್ಲೊಂದು ನೆರವಿನ ಮೇಜು ಬೇಡ್ವಾ? ಈ ತರಬೇತಿಯ ಫೀಸನ್ನ ಸಮಾಜ ಕಲ್ಯಾಣ ಇಲಾಖೆ ಭರಿಸಬೇಕು ಅಂತ ನಾವೊಂದು ಮನವಿ ಕೊಡಬೇಡ್ವಾ? ಲಾಂಡ್ರಿಗೆ ಮಾತ್ರ ಅಲ್ಲ, ನಮ್ಮ ಮಕ್ಕಳು ಹಡಗಿನ ಎಂಜಿನಿಯರ್, ಅಧಿಕಾರಿ ಆಗೋ ಕೋರ್ಸ್‌ಗಳಿಗೂ ಹೋಗಬೇಕು. ಮನವಿಯ ಡ್ರಾಫ್ಟ್ ನಾನು ಟೈಪ್ ಮಾಡ್ತೀನಿ, ಅದು ನನಗೆ ಬರೋ ಕೆಲಸ. ಭಾನುವಾರಗಳಲ್ಲಿ ಭದ್ರಾವತಿಯಲ್ಲಿ ಕೂತು ಕಾಗದಪತ್ರ ನೋಡಿಕೊಡೋಕೂ ತಯಾರಿದ್ದೀನಿ. ಜೊತೆಗೆ ಬರೋರು ಇನ್‌ಬಾಕ್ಸ್ ಮಾಡಿ.

ಹೋದ ಶುಕ್ರವಾರ ಅಕ್ಕನ ಮಗನಿಗೆ ಹಗಲು ಹೊತ್ತಲ್ಲಿ ಅರ್ಧ ಗಂಟೆ ಬಿಡುವು ಸಿಕ್ಕಿ, ಕೆಲಸಗಾರರಿಗೆ ಅಂತ ಇರೋ ಸಣ್ಣ ಡೆಕ್‌ಗೆ ಬಂದು ವಿಡಿಯೋ ಕಾಲ್ ಮಾಡಿದ. ಹಿಂದೆ ಬೆಟ್ಟ, ಮೇಲೆ ಹಿಮ, ನೀಲಿ ನೀರು. ಫೋನ್ ತಿರುಗಿಸಿ ತಿರುಗಿಸಿ ತೋರಿಸ್ತಿದ್ದ. ಅಕ್ಕ "ಅದೆಲ್ಲ ನೋಡಾಯ್ತು, ನಿನ್ ಮುಖ ತೋರ್ಸೋ" ಅಂದಳು. ಅವನು ಮುಖ ತೋರಿಸಿದ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ. ತಿಂಗಳುಗಳ ಮೇಲೆ ಹಗಲು ನೋಡ್ತಿರೋ ಹಾಗೆ.

ಟೀ ಅಂಗಡಿಯ ಹಿರಿಯ ಗೆಳೆಯರೇ, ನಾನು ನೋಡ್ತಿರೋದು ಆ ಹಡಗನ್ನ.

ಜೈ ಭೀಮ್.